ಗೋಗಿಯ ದಾರಿಯಲ್ಲಿ ಒಂದು ಹಳೆಯ ಕಾರು

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ಕಟ್ಟಿಸಂಗಾವಿಯ ಬಳಿ ಭೀಮಾ ನದಿಯನ್ನು ದಾಟಿ, ಜೇವರ್ಗಿಯನ್ನು ಹಿಂದಿಕ್ಕಿ, ಶಹಾಪುರದತ್ತ ಸಾಗುವಾಗ ಎರಡು ಮಗ್ಗುಲಲ್ಲಿಯೂ ಕಣ್ಣು ಹರಿಯುವವರೆಗೆ ಎರೆಯ ಭೂಮಿ ಹಾಸಿಕೊಂಡಿರುತ್ತದೆ. ತೊಗರಿ, ಹತ್ತಿ, ಜೋಳ ಈ ನೆಲದ ಹಳೆಯ ಬೆಳೆಗಳು. 1982ರಲ್ಲಿ ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳು ಹರಿದ ಮೇಲೆ ಅಲ್ಲಲ್ಲಿ ಬತ್ತದ ಹಸುರೂ ಕಾಣಬರುತ್ತದೆ. ಶಹಾಪುರ ಸಮೀಪಿಸಿದಂತೆ ಬಯಲಿನ ಅಂಚಿನಲ್ಲಿ ಬೆಟ್ಟಗಳು ಏಳುತ್ತವೆ. ಒಂದು ನಿಟ್ಟಿನಿಂದ ನೋಡಿದರೆ ಅವು ಅಂಗಾತ ಮಲಗಿದ ಬುದ್ಧನಂತೆ ತೋರುತ್ತವೆ. ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟ. ಆ ಬುದ್ಧನನ್ನು ಕಂಡವರಿಗೆ ಗೋಗಿ ಇನ್ನು ದೂರವಿಲ್ಲ. ಶಹಾಪುರದಿಂದ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರು.

ಗೋಗಿ ಹೆಸರಿಗೆ ಹಳ್ಳಿಯಾದರೂ ಅಲ್ಲಿನ ಮಣ್ಣಿನಲ್ಲಿ ಬಿಜಾಪುರದ ಅರಸರು ಮಲಗಿದ್ದಾರೆ. ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾ ಅಲ್ಲಿದೆ. ಆದಿಲಶಾಹಿ ಮನೆತನದ ಮೊದಲ ದೊರೆಗಳು ಆ ಸಂತರ ಸನ್ನಿಧಿಯಲ್ಲಿಯೇ ತಮ್ಮ ಕೊನೆಯ ಜಾಗವನ್ನು ಆರಿಸಿಕೊಂಡರು. ಇತ್ತೀಚಿನ ದಿನಗಳಲ್ಲಿ ಊರಿನ ಹೆಸರು ಬೇರೊಂದು ಕಾರಣದಿಂದಲೂ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಇಲ್ಲಿನ ನೆಲದಡಿಯಲ್ಲಿ ಯುರೇನಿಯಂ ಅದಿರು ಇರುವುದನ್ನು ಅಣು ಖನಿಜ ಶೋಧಕರು ಕಂಡುಹಿಡಿದರು. ಗಣಿಯ ಮಾತು ಬಂದಾಗ ನೀರು, ನೆಲಗಳ ಚಿಂತೆಯಿಂದ ಊರವರು ಪ್ರತಿಭಟಿಸಿದರು. ಆದರೆ ಸುತ್ತಲ ಜನರು ತಲೆಮಾರುಗಳಿಂದ ಗೋಗಿಗೆ ಬರುತ್ತಿರುವುದು ದರ್ಗಾದ ಸಲುವಾಗಿ.

ಈಚೆಗೊಂದು ಭಾನುವಾರ ಬೆಳಿಗ್ಗೆ ಕಲಬುರಗಿಯ ಒಂದು ಸಂಸಾರವೂ ಹಾಗೆಯೇ ಹೊರಟಿತು. ಅಜ್ಜಿಯ ತವರು ಶಹಾಪುರ. ಬಾಲ್ಯದಲ್ಲಿ ತಂದೆಯೊಡನೆ ಎತ್ತಿನ ಗಾಡಿಯಲ್ಲಿ ಗೋಗಿಯ ಉರುಸಿಗೆ ಹೋಗಿದ್ದ ನೆನಪು ಆಕೆಯನ್ನು ಬಿಟ್ಟಿರಲಿಲ್ಲ. ಕಣ್ಣು ಮಂಜಾಗುವ ಮೊದಲು ಮತ್ತೊಮ್ಮೆ ನೋಡಬೇಕೆಂಬ ಹಂಬಲ. ಮಗ ಬ್ಯಾಂಕಿನ ನೌಕರಿಯಿಂದ ಆಗತಾನೆ ನಿವೃತ್ತರಾದವರು. ಸೊಸೆ ಪ್ರೌಢಶಾಲೆಯಲ್ಲಿ ಇತಿಹಾಸದ ಅಧ್ಯಾಪಿಕೆ. ಮೊಮ್ಮಗಳಿಗೆ ಜೇವರ್ಗಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ವಾರದಿಂದ ದಿನವೂ ತಾನೇ ಕಾರು ನಡೆಸಿಕೊಂಡು ಹೋಗಿಬರಬೇಕಾಗಿತ್ತು. ಆ ಕಾರಿನ ಪರೀಕ್ಷೆಯೂ ಆಗಲಿ, ಅಜ್ಜಿಯ ಹರಕೆಯೂ ತೀರಲಿ ಎಂಬುದು ಪ್ರಯಾಣದ ಉದ್ದೇಶ.

ಕಾರು ಎಂದರೆ ಮಾರುತಿ 800; 2005ರಲ್ಲಿ ಕೊಂಡದ್ದು. ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ನವೀಕರಿಸಿಕೊಂಡು ಬಂದ ಗಾಡಿ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಈ ಪುಟ್ಟ ಕಾರು ಈ ದೇಶದ ಎಷ್ಟೊಂದು ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಾರಾಯಿತೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾದ್ದಿಲ್ಲ. ಯಜಮಾನರಿಗೆ ಅದರ ಮೇಲೆ ಅಭಿಮಾನ. ಆ ಗಾಡಿಯ ಸ್ಟೇರಿಂಗು ತಮ್ಮ ಕೈಯ ಮಾತನ್ನು ಕೇಳುವಷ್ಟು ಬೇರೆ ಯಾರ ಮಾತನ್ನೂ ಕೇಳದೆಂದು ಅವರು ಹೇಳುತ್ತಿದ್ದರು. ಈ ಮಾತಿನಲ್ಲಿ ಅವರಿಗೇ ತಿಳಿಯದ ಒಂದು ಸತ್ಯವಿತ್ತು.

ಹೊಸ ಕೈ, ಹಳೆಯ ಕೈ

ಜೇವರ್ಗಿಯವರೆಗೆ ತಂದೆ ನಡೆಸಿದರು. ಅಲ್ಲಿ ಚಹ ಕುಡಿದ ಮೇಲೆ ಮಗಳು ಕುಳಿತಳು. ಐದಾರು ಕಿಲೋಮೀಟರು ಹೋಗಿರಲಿಕ್ಕಿಲ್ಲ, “ಅಪ್ಪಾ, ಗಾಡಿ ಎಡಕ್ಕ ಎಳೀಲಾಕತ್ತದ” ಎಂದಳು.

“ರೋಡೇ ಹಂಗ ಇರ್ತದವ್ವಾ. ನಡುವ ಎತ್ತರ, ಅಂಚಿಗೆ ಇಳಿಜಾರು; ನೀರು ಹರಿದು ಹೋಗ್ಲಿ ಅಂತ ಮಾಡಿರ್ತಾರ.”

ಇದು ಸುಳ್ಳಲ್ಲ. ರಸ್ತೆಗಳೆಲ್ಲ ನಡುವೆ ಉಬ್ಬಿ ಎರಡು ಅಂಚಿಗೂ ತುಸು ಇಳಿದಿರುತ್ತವೆ. ಎಡಗಡೆಯಲ್ಲಿ ನಡೆಯುವ ನಮ್ಮ ವಾಹನಗಳು ಎಡಕ್ಕೆ ಸ್ವಲ್ಪ ವಾಲುವುದು ಸಹಜ. ಮೇಲಾಗಿ ಎರೆಯ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ಡಾಂಬರು ಅಲೆಯಲೆಯಾಗಿ ಏರಿಳಿಯುತ್ತದೆ. ದೋಷವನ್ನು ರಸ್ತೆಯ ಮೇಲೆ ಹೊರಿಸುವುದಕ್ಕೆ ಈ ಸೀಮೆಯಲ್ಲಿ ಆಧಾರ ಬೇಕಾದಷ್ಟುಂಟು.

ಆದರೆ ಮಗಳು ಸುಮ್ಮನಾಗಲಿಲ್ಲ. ಗಾಡಿ ನೇರವಾಗಿ ಹೋಗುತ್ತಿರುವಾಗಲೂ ಸ್ಟೇರಿಂಗಿನ ಅಡ್ಡಪಟ್ಟಿ ಬಲಕ್ಕೆ ತಿರುಗಿಯೇ ಇತ್ತು. ಗುಂಡಿಗೆ ಇಳಿದಾಗ ಎಡಗಡೆಯಿಂದ ‘ಟಕ್’ ಎಂಬ ಸಣ್ಣ ಸಪ್ಪಳ. ಆ ಸಪ್ಪಳದೊಡನೆ ಚಕ್ರವೂ ಕೈಯಲ್ಲಿ ಒಮ್ಮೆ ಅದುರಿದಂತೆ. ತಂದೆ ಮತ್ತೆ ತಾವೇ ಕುಳಿತು ನಡೆಸಿದರು. ಅವರಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಗಾಡಿ ಎಳೆದಷ್ಟನ್ನೂ ಅವರ ಕೈ ಎಷ್ಟು ಕಾಲದಿಂದಲೋ ತಾನಾಗಿಯೇ ತಡೆಹಿಡಿಯುತ್ತ ಬಂದಿತ್ತು. ಹಳೆಯ ಗಾಡಿಯ ದೋಷಗಳು ಒಂದೇ ದಿನ ಬರುವುದಿಲ್ಲ. ಅವು ಕೂದಲೆಳೆಯಷ್ಟು ಹೆಚ್ಚುತ್ತ ಹೋಗುತ್ತವೆ; ನಡೆಸುವವನ ಕೈಯೂ ಅಷ್ಟಷ್ಟೇ ಹೊಂದಿಕೊಳ್ಳುತ್ತ ಹೋಗುತ್ತದೆ. ಕೊನೆಗೆ ದೋಷವೇ ಅಭ್ಯಾಸವಾಗಿಬಿಡುತ್ತದೆ.

ಶಹಾಪುರದಲ್ಲಿ ಗರಾಜಿಗೆ ತೋರಿಸೋಣವೆಂದು ಮಗಳು ಹೇಳಿದಳು. ಭಾನುವಾರ ಯಾರಿರುತ್ತಾರೆ, ಬಿಸಿಲೇರುವ ಮೊದಲು ಅಜ್ಜಿಯ ದರ್ಶನವಾಗಲಿ ಎಂದು ತಂದೆ ಮುಂದಕ್ಕೆ ನಡೆಸಿದರು. ಗೋಗಿಯ ಊರೊಳಗಿನ ತಿರುವಿನಲ್ಲಿ ಗಾಡಿಯನ್ನು ನಿಧಾನವಾಗಿ ಹೊರಳಿಸಿದಾಗ ಆ ‘ಟಕ್’ ಸಪ್ಪಳ ಅಜ್ಜಿಯ ಕಿವಿಗೂ ಬಿತ್ತು.

“ಏ ತಮ್ಮಾ, ಕಡಾಣಿ ಸಡ್ಲಾದ ಗಾಡಿ ಹಿಂಗೇ ಸಪ್ಪಳ ಮಾಡ್ತಿತ್ತು ನೋಡು” ಎಂದಿತು ಹಿರಿಯ ಜೀವ.

ಎತ್ತಿನ ಗಾಡಿಯ ಅಚ್ಚಿನಿಂದ ಗಾಲಿ ಕಳಚಿ ಬೀಳದಂತೆ ಹಾಕುವ ಮೊಳೆ ಕಡಾಣಿ. ತಾಯಿಯ ಮಾತಿಗೆ ಯಜಮಾನರು ನಕ್ಕರು. ಆದರೂ ಗಾಡಿಯನ್ನು ನಿಲ್ಲಿಸಿದರು.

ಬೇವಿನ ಮರದ ಉಸ್ತಾದರು

ಎದುರಿಗೆ ಒಂದು ಬೇವಿನ ಮರ; ಅದರ ನೆರಳಿನಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುವ ತಗಡಿನ ಅಂಗಡಿ. ನರೆತ ಗಡ್ಡದ ಉಸ್ತಾದರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮೊದಲು ಅವರು ಮುಟ್ಟಿದ್ದು ಟಯರುಗಳನ್ನು. ಮುಂದಿನ ಎಡ ಟಯರಿನಲ್ಲಿ ಬಲದ್ದಕ್ಕಿಂತ ಹವಾ ಕಡಿಮೆಯಿತ್ತು; ಅದರ ಹೊರ ಅಂಚು ಸವೆದು ನುಣುಪಾಗಿತ್ತು. ಹವಾ ತುಂಬಿಸಿದರು.

“ಅಷ್ಟೇ ಅಲ್ರೀ ಮತ್ತ?” ಎಂದರು ಯಜಮಾನರು, ಹಗುರಾಗಿ.

“ಎಳಿಯೋದು ಸ್ವಲ್ಪ ಹವಾದ್ದು ಇರಬಹುದು ಸಾಹೇಬ್ರೆ. ಸಪ್ಪಳ ಹವಾದ್ದಲ್ಲ. ಗಾಡಿ ಒಂದ್ ಮಾತ್ ಅಲ್ಲ, ಎರಡ್ ಮಾತ್ ಹೇಳ್ಲಾಕತ್ತದ.”

ಜಾಕು ಕೊಟ್ಟು ಮುಂದಿನ ಎಡಗಾಲಿಯನ್ನು ನೆಲದಿಂದ ಎತ್ತಿದರು. ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದರು, ಅಲುಗಲಿಲ್ಲ. ಬೇರಿಂಗೂ, ಕೆಳಗಿನ ಬಾಲ್ ಜಾಯಿಂಟೂ ಸರಿಯಾಗಿವೆ ಎಂದು ಇದರ ಅರ್ಥ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕೈಯಿಟ್ಟು ಅಲುಗಿಸಿದರು. ‘ಟಕ್, ಟಕ್.’ ಗಾಲಿ ಸ್ಪಷ್ಟವಾಗಿ ಆಡಿತು. ಉಸ್ತಾದರು ಕೆಳಗೆ ತೂರಿ, ಬಟ್ಟೆಯಿಂದ ರಾಡಿ ಒರಸಿ, ಮಗಳನ್ನು ಕರೆದು ಬ್ಯಾಟರಿಯ ಬೆಳಕಿನಲ್ಲಿ ತೋರಿಸಿದರು.

“ನೋಡ್ ತಂಗಿ. ಇದು ಟೈ ರಾಡ್ ಎಂಡ್. ಒಳಗಿನ ಗುಂಡು ಸವೆದದ. ಇಲ್ಲಿ ನಟ್ಟಿಗೆ ಒಂದು ಪಿನ್ ಇರಬೇಕು, ಅದೇ ಇಲ್ಲ. ನಟ್ ಎಷ್ಟು ಕೆಳಗ ಇಳಿದದ ನೋಡು.”

ಹಿಂದೆ ಎಂದೋ ಒಮ್ಮೆ ಕೈಹಾಕಿದವರು ನಟ್ಟನ್ನು ಬಿಗಿದು ಪಿನ್ನು ಹಾಕುವುದನ್ನು ಮರೆತಿದ್ದರು. ಇನ್ನೆರಡು ಮೂರು ಸುತ್ತು ಸಡಿಲಾಗಿದ್ದರೆ ರಾಡು ಗಾಲಿಯ ತೋಳಿನಿಂದ ಕಳಚುತ್ತಿತ್ತು. ಹಾಗಾದಾಗ ಆ ಗಾಲಿಗೆ ಸ್ಟೇರಿಂಗಿನ ಹಂಗೇ ಇರುವುದಿಲ್ಲ. ಅದು ತನ್ನ ಇಚ್ಛೆ ಬಂದ ಕಡೆಗೆ ತಿರುಗುತ್ತದೆ.

ಜೇವರ್ಗಿಯಿಂದ ಈಚೆಗೆ ಗಾಡಿ ಓಡಿದ ವೇಗ ಯಜಮಾನರ ನೆನಪಿಗೆ ಬಂತು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ತಾಯಿ ನೆನಪಾದರು. ಬರುವ ವಾರದಿಂದ ದಿನಕ್ಕೆರಡು ಬಾರಿ ಭೀಮೆಯ ಸೇತುವೆಯನ್ನು ದಾಟಬೇಕಾಗಿದ್ದ ಮಗಳು ಎದುರಿಗೆ ಮೊಣಕಾಲೂರಿ ಕುಳಿತಿದ್ದಳು. ಅವರು ಏನೂ ಆಡಲಿಲ್ಲ.

ಬಿಡಿಭಾಗ ಶಹಾಪುರದಿಂದ ಬರಬೇಕಾಗಿತ್ತು. ಉಸ್ತಾದರು ಹುಡುಗನೊಬ್ಬನನ್ನು ಮೋಟಾರು ಸೈಕಲ್ಲಿನ ಮೇಲೆ ಅಟ್ಟಿದರು. ಉಳಿದವರು ದರ್ಗಾದ ಕಡೆಗೆ ನಡೆದರು. ಮಗಳು ಮಾತ್ರ ಮರದ ಕೆಳಗೇ ಉಳಿದಳು.

ಗಾಡಿ ಆಡುವ ಮಾತುಗಳು

ಅವಳು ಕೇಳಿದಳು, ಉಸ್ತಾದರು ಹೇಳಿದರು. ಈ ಪುಟ್ಟ ಕಾರಿನ ಸ್ಟೇರಿಂಗಿನ ರಚನೆ ಸರಳವಾದುದು. ಚಕ್ರದ ದಂಡದ ತುದಿಯಲ್ಲಿ ಒಂದು ಸಣ್ಣ ಹಲ್ಲುಗಾಲಿ ಉಂಟು. ಅದಕ್ಕೆ ಪಿನಿಯನ್ ಎನ್ನುತ್ತಾರೆ. ಅದು ರ‍್ಯಾಕ್ ಎಂಬ ಹಲ್ಲಿನ ಸರಳನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಸರಳಿನ ಎರಡು ತುದಿಗಳಿಂದ ಟೈ ರಾಡುಗಳು ಹೊರಟು ಎರಡು ಮುಂಗಾಲಿಗಳನ್ನು ತಿರುಗಿಸುತ್ತವೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ಕೈಗೂ ಗಾಲಿಗೂ ನಡುವೆ ಇಷ್ಟೇ ಇರುವುದರಿಂದ, ಎಲ್ಲಿ ಏನಾದರೂ ಅದರ ಸುದ್ದಿ ಅಂಗೈಗೆ ಬಂದೇ ಬರುತ್ತದೆ. ಸುದ್ದಿಯನ್ನು ಓದಲು ಬರಬೇಕು, ಅಷ್ಟೆ.

ಗಾಡಿ ಒಂದು ಪಕ್ಕಕ್ಕೆ ಎಳೆದರೆ ಮೊದಲು ಹವಾ ನೋಡಬೇಕು. ಹವಾ ಸಮವಿದ್ದೂ ಎಳೆದರೆ ಮುಂದಿನ ಎರಡು ಗಾಲಿಗಳನ್ನು ಅದಲುಬದಲು ಮಾಡಿ ನೋಡಬೇಕು. ಎಳೆತವೂ ಪಕ್ಕ ಬದಲಿಸಿದರೆ ದೋಷ ಟಯರಿನದು, ಬದಲಿಸದಿದ್ದರೆ ಅಲೈನ್‌ಮೆಂಟಿನದೋ ಬ್ರೇಕಿನದೋ ಆಗಿರಬಹುದು. ಒಂದು ಗಾಲಿ ಮಾತ್ರ ಮಿತಿಮೀರಿ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಎಂದು ತಿಳಿಯಬೇಕು. ಬ್ರೇಕು ಒತ್ತಿದಾಗ ಮಾತ್ರ ಎಳೆಯುವುದಾದರೆ ಸ್ಟೇರಿಂಗಿಗಿಂತ ಮೊದಲು ಬ್ರೇಕನ್ನೇ ಬಿಚ್ಚಿ ನೋಡುವುದು ಸರಿ.

ಒಂದು ವೇಗಕ್ಕೆ ಬಂದಾಗ ಮಾತ್ರ ಸ್ಟೇರಿಂಗು ನಡುಗಿ, ಅದಕ್ಕಿಂತ ಕೆಳಗೆ ಶಾಂತವಾಗಿದ್ದರೆ ಗಾಲಿಯ ತೂಕ ಸಮವಾಗಿಲ್ಲವೆಂದು ಅರ್ಥ. ಈ ಸೀಮೆಯಲ್ಲಿ ಅದಕ್ಕೊಂದು ವಿಶೇಷ ಕಾರಣವುಂಟು. ಎರೆಯ ರಾಡಿ ಗಾಲಿಯ ಒಳಬದಿಗೆ ಮೆತ್ತಿಕೊಂಡು ಕಲ್ಲಿನಂತೆ ಒಣಗುತ್ತದೆ. ಅದನ್ನು ಕೆರೆದು ತೆಗೆದರೇ ಎಷ್ಟೋ ಗಾಡಿಗಳ ನಡುಕ ನಿಲ್ಲುತ್ತದೆ. ಬ್ರೇಕು ಒತ್ತಿದಾಗ ಬರುವ ನಡುಕ ಬೇರೆ. ಅದು ಮುಂದಿನ ಡಿಸ್ಕು ಸೊಟ್ಟಾದುದರ ಗುರುತು.

ಸ್ಟೇರಿಂಗು ಭಾರವಾದರೆ ಹವಾ ಕಡಿಮೆಯಿರಬಹುದು, ಅಂದಕ್ಕೆಂದು ಹಾಕಿಸಿದ ಅಗಲವಾದ ಟಯರುಗಳಿರಬಹುದು, ಕೀಲುಗಳ ಗ್ರೀಸು ಒಣಗಿರಬಹುದು. ತಿರುವು ಮುಗಿದ ಮೇಲೂ ಚಕ್ರ ತಾನಾಗಿ ನಡುವಿಗೆ ಮರಳದಿದ್ದರೆ ಶಾಕ್ ಅಬ್ಸಾರ್ಬರಿನ ತಲೆಯ ಬೇರಿಂಗು ಹಿಡಿದುಕೊಂಡಿರಬಹುದು, ಇಲ್ಲವೆ ಯಾರೋ ರ‍್ಯಾಕನ್ನು ಅತಿಯಾಗಿ ಬಿಗಿದಿರಬಹುದು. ಆಟ ಹೆಚ್ಚಾಗಿದೆ, ಬಿಗಿದುಕೊಡಿ ಎಂದು ಕೇಳುವವರು ಬಹಳ. ಸವೆದುದನ್ನು ಬಿಗಿದ ಮಾತ್ರಕ್ಕೆ ಅದು ಹೊಸತಾಗುವುದಿಲ್ಲ.

ಆ ಆಟವನ್ನು ಅಳೆಯುವ ಬಗೆಯೂ ಸುಲಭ. ಗಾಲಿಗಳು ನೇರವಾಗಿರುವಂತೆ ಗಾಡಿಯನ್ನು ನಿಲ್ಲಿಸಿ, ಚಕ್ರವನ್ನು ಬೆರಳ ತುದಿಯಿಂದ ಅತ್ತಿತ್ತ ಆಡಿಸಬೇಕು. ಗಾಲಿ ಕದಲುವ ಮೊದಲು ಚಕ್ರದ ಅಂಚು ಸುಮಾರು ಮೂರು ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ತೋರಿಸಿಕೊಳ್ಳಬೇಕೆಂಬುದು ಗರಾಜುಗಳ ಲೆಕ್ಕ. ಪೂರ್ತಿ ತಿರುಗಿಸಿ ಹೊರಟಾಗ ‘ಕಟಕಟ’ ಎಂದರೆ ಅದು ಸ್ಟೇರಿಂಗಿನದಲ್ಲ, ಎಂಜಿನ್ನಿನಿಂದ ಗಾಲಿಗೆ ಬರುವ ಆಕ್ಸಲಿನ ಹೊರಕೀಲಿನದು. ರ‍್ಯಾಕಿನ ಎರಡು ತುದಿಗಳಿಗೆ ತೊಡಿಸಿದ ರಬ್ಬರಿನ ಬೂಟು ಹರಿದಿದ್ದರೆ ಒಂದು ದಿನವೂ ತಡಮಾಡಬಾರದು. ಒಳಹೊಕ್ಕ ಎರೆಯ ಧೂಳು ಗ್ರೀಸಿನೊಡನೆ ಬೆರೆತು ಹಲ್ಲುಗಳನ್ನು ಅರೆದುಬಿಡುತ್ತದೆ.

ಇಷ್ಟನ್ನೂ ಹೇಳಿ ಉಸ್ತಾದರು ಕೊನೆಗೊಂದು ಮಾತು ಸೇರಿಸಿದರು: “ಗಾಡಿ ನಡೆಸೋರನ್ನೇ ಕೇಳಿದ್ರ ಎಲ್ಲಾರೂ ಚಲೋ ಅದ ಅಂತಾರ. ವರ್ಷಕ್ಕೊಮ್ಮೆ ಬ್ಯಾರೆಯವರ ಕೈಗೆ ಕೊಟ್ಟು ಕೇಳಬೇಕು ತಂಗಿ.”

ದೊರೆಗಳ ಸಾನ್ನಿಧ್ಯದಲ್ಲಿ

ಅತ್ತ ದರ್ಗಾದಲ್ಲಿ ಅಜ್ಜಿ ಸಕ್ಕರೆ ಓದಿಸಿ, ಹೂವು ಏರಿಸಿ, ಬಾಲ್ಯದಲ್ಲಿ ಕಂಡ ಕಂಬವೊಂದನ್ನು ಕೈಯಿಂದ ತಡವಿ ಗುರುತಿಸಿ ಕುಳಿತಳು. ಸೊಸೆ ಗಂಡನನ್ನು ದೊರೆಗಳ ಗೋರಿಗಳ ಬಳಿಗೆ ಕರೆದೊಯ್ದಳು. ಬಿಜಾಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಇಲ್ಲಿನ ಸರಳತೆ ಅಚ್ಚರಿಯನ್ನುಂಟುಮಾಡುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಆ ಮಹಾ ಗುಮ್ಮಟವೆಲ್ಲಿ, ಅವನ ಪೂರ್ವಿಕರು ಮಲಗಿದ ಈ ನೆಲವೆಲ್ಲಿ!

1490ರಲ್ಲಿ ಬಹಮನಿಯಿಂದ ಬೇರೆಯಾಗಿ ರಾಜ್ಯ ಕಟ್ಟಿದ ಯೂಸುಫ್ ಇಲ್ಲಿದ್ದಾನೆ. ಅವನು ಗತಿಸಿದ್ದು 1510ರ ಸುಮಾರಿಗೆ. ಅವನ ಮಗ ಇಸ್ಮಾಯಿಲ್ 1534ರಲ್ಲಿ ತೀರಿಕೊಂಡು ಇಲ್ಲಿಗೇ ಬಂದನು. ಇಸ್ಮಾಯಿಲನ ಮಗ ಮಲ್ಲು ಆಳಿದ್ದು ಕೆಲವೇ ತಿಂಗಳು. ಅವನ ನಡತೆಗೆ ಬೇಸತ್ತ ಅರಮನೆಯವರೇ ಅವನನ್ನು ಪಟ್ಟದಿಂದಿಳಿಸಿ ಕಣ್ಣು ಕೀಳಿಸಿದರು. ಅವನ ತಮ್ಮ ಮೊದಲನೆಯ ಇಬ್ರಾಹಿಮ್ 1558ರವರೆಗೆ ಆಳಿ ತಾತನ ಮಗ್ಗುಲಿಗೆ ಸೇರಿದನು.

“ತಾತ ಶಿಯಾ ಪಂಥವನ್ನ ರಾಜ್ಯದ ಪಂಥ ಮಾಡಿದ. ಮೊಮ್ಮಗ ಅದನ್ನ ತಿರುಗಿಸಿ ಸುನ್ನಿ ಮಾಡಿದ. ಪರದೇಶದಿಂದ ಬಂದ ಸರದಾರರನ್ನ ಇಳಿಸಿ ದಖನಿಗಳನ್ನ ಮುಂದಕ್ಕ ತಂದ. ಲೆಕ್ಕಪತ್ರನೂ ಪಾರ್ಸಿ ಬಿಟ್ಟು ಇಲ್ಲಿಯ ಭಾಷೆಗೆ ಬಂತು” ಎಂದು ಆಕೆ ವಿವರಿಸಿದಳು.

“ಹಂಗಾದ್ರ ತಪ್ಪು ಯಾರದು? ತಾತಂದೋ, ಮೊಮ್ಮಗಂದೋ?”

“ತಪ್ಪು ಅನ್ನೋದ್ಯಾಕ? ಅವರವರ ಕೈಗೆ ಅವರವರು ಹಿಡಿದದ್ದೇ ನೇರ ಕಂಡಿರ್ತದ.”

ಆಕೆ ಇತಿಹಾಸದ ಮಾತನ್ನಷ್ಟೇ ಆಡಿದ್ದಳು. ಆದರೆ ಯಜಮಾನರು ಬಹಳ ಹೊತ್ತು ಅಲ್ಲಿಯೇ ಕುಳಿತರು.

ಹಿಂದಿರುಗಿ ಬಂದಾಗ ಹುಡುಗ ಭಾಗವನ್ನು ತಂದಿದ್ದನು. ಉಸ್ತಾದರು ಹಳೆಯ ಟೈ ರಾಡ್ ಎಂಡನ್ನು ಬಿಚ್ಚುವಾಗ ಸುತ್ತುಗಳನ್ನು ಬಾಯಿಬಿಟ್ಟು ಎಣಿಸಿದರು. ಹೊಸದನ್ನು ಅಷ್ಟೇ ಸುತ್ತು ಹಾಕಿದರು. ಗಾಲಿಗಳ ನೇರ ಬಹಳ ಕೆಡದಿರಲಿ ಎಂದು ಈ ಎಣಿಕೆ. ನಟ್ಟನ್ನು ಬಿಗಿದು, ಅದರ ಸೀಳಿನಲ್ಲಿ ಹೊಸ ಪಿನ್ನು ತೂರಿಸಿ, ಎರಡು ಕಾಲುಗಳನ್ನು ಅಗಲಿಸಿ ಮಡಿಸಿದರು.

“ಯಮ್ಮಾ, ಕಡಾಣಿ ಹಾಕೀನ್ರಿ” ಎಂದು ಅಜ್ಜಿಗೆ ಕೂಗಿ ಹೇಳಿದರು. ಆಮೇಲೆ ಯಜಮಾನರ ಕಡೆ ತಿರುಗಿ, “ಇದು ಕೈಲೆಕ್ಕ ಸಾಹೇಬ್ರೆ. ನಿಧಾನ ಹೋಗ್ರಿ, ನಾಳೆ ಊರಾಗ ಮಷೀನ್ ಮ್ಯಾಲ ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಟಯರೂ ಬದಲಿಸ್ರಿ” ಎಂದರು. ಭಾಗದ ಬೆಲೆ, ಕೂಲಿ ಎಲ್ಲ ಸೇರಿ ಕೆಲವೇ ನೂರು ರೂಪಾಯಿ.

ಮರಳುವಾಗ ಗಾಡಿ ನಡೆಸಿದವಳು ಮಗಳು. ತಂದೆ ಪಕ್ಕದಲ್ಲಿ ಕುಳಿತರು. ಮಲಗಿದ ಬುದ್ಧನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಗುಂಡಿಗೆ ಇಳಿದಾಗಲೆಲ್ಲ ನಾಲ್ವರೂ ಕಿವಿಗೊಟ್ಟು ಕೇಳಿದರು, ಸಪ್ಪಳವಿರಲಿಲ್ಲ.

ಮರುದಿನ ಕಲಬುರಗಿಯಲ್ಲಿ ಹೊಸ ಟಯರುಗಳಾದುವು, ಯಂತ್ರದ ಮೇಲೆ ಅಲೈನ್‌ಮೆಂಟೂ ಆಯಿತು. ಸ್ಟೇರಿಂಗಿನ ಅಡ್ಡಪಟ್ಟಿ ಈಗ ಮಟ್ಟಸವಾಗಿ ನಿಂತಿತ್ತು. ಯಜಮಾನರು ಕುಳಿತು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದರು. ಸ್ವಲ್ಪ ದೂರ ಹೋಗಿ ಹುಬ್ಬು ಗಂಟಿಕ್ಕಿದರು.

“ಏನವ್ವಾ ಇದು, ಈಗ ಗಾಡಿ ಬಲಕ್ಕ ಎಳೀಲಾಕತ್ತದಲ್ಲ!”

ಮಗಳು ಒಂದು ಕ್ಷಣ ಸುಮ್ಮನಿದ್ದು, “ಗಾಡಿ ಅಲ್ಲಪ್ಪಾ, ನಿಮ್ಮ ಕೈ” ಎಂದಳು.

ಯಜಮಾನರು ರಸ್ತೆಯ ಬದಿಗೆ ಗಾಡಿಯನ್ನು ನಿಲ್ಲಿಸಿದರು. ಕೆಳಗಿಳಿದು, ಬೀಗದ ಕೈಗಳನ್ನು ಮಗಳಿಗೆ ಕೊಟ್ಟು, ಆಚೆಯ ಬಾಗಿಲಿಗೆ ಹೋಗಿ ಕುಳಿತರು.